ಚಂದಾಪುರದ ಗಾಳಿ, ನಮ್ಮ ಮುಕ್ಕಾಲಿ

ಬೆಂಗಳೂರಿನವರಿಗೆ ಚಂದಾಪುರವೆಂದೊಡನೆ ನೆನಪಾಗುವುದು ಹೊಸೂರು ರಸ್ತೆಯ ಚಂದಾಪುರ. ಆನೇಕಲ್ಲಿಗೆ ತಿರುಗುವಲ್ಲಿ ವಾಹನಗಳ ಗೊಂದಲದ ನಡುವೆ ಸಿಕ್ಕಿಕೊಂಡು ನಿಟ್ಟುಸಿರುಬಿಡುವ ಸ್ಥಳ. ನಾನು ಬರೆಯಹೊರಟಿರುವುದು ಅದನ್ನು ಕುರಿತಲ್ಲ. ಕಲಬುರಗಿ ಜಿಲ್ಲೆಯ ಈಶಾನ್ಯದ ಅಂಚಿನಲ್ಲಿ, ಚಿಂಚೋಳಿ ಪಟ್ಟಣಕ್ಕೆ ಮೈ ತಾಗಿಸಿಕೊಂಡು ಇನ್ನೊಂದು ಚಂದಾಪುರವಿದೆ. ಕಲಬುರಗಿಯಿಂದ ಬಸ್ಸಿನಲ್ಲಿ ೮೦ ಕಿಲೋಮೀಟರಿಗೆ ಮೇಲ್ಪಟ್ಟ ದಾರಿ. ನಾಲ್ಕು ಅಂಗಡಿ, ಬಸ್ಸುಗಳ ಗದ್ದಲ, ಚಹದ ಹೋಟೆಲು. ಅವಸರದ ಪ್ರವಾಸಿಗನು ಇಲ್ಲಿ ನೋಡುವಂಥದ್ದೇನೂ ಇಲ್ಲವೆಂದು ಮುಖ ತಿರುಗಿಸಿಯಾನು. ಆದರೆ ಊರನ್ನು ಹಿಂದೆ ಬಿಟ್ಟು ಕಾಡಿನ ದಾರಿ ಹಿಡಿದರೆ, ಬಿಸಿಲಿಗೂ ತೊಗರಿಗೂ ಹೆಸರಾದ ಈ ಸೀಮೆಯಲ್ಲಿ ಇಂಥದೊಂದು ಹಸುರು ಅಡಗಿತ್ತೇ ಎಂದು ಬೆರಗಾಗುವಂತಾಗುತ್ತದೆ.

ನನ್ನಾಕೆಯ ತವರು ಸೇಡಂ. ಮದುವೆಯಾಗಿ ಮೂವತ್ತೈದು ವರ್ಷಗಳ ಕಾಲ ನಾನು ಆ ಕಡೆಗೆ ಹೋದದ್ದು ಹಬ್ಬಕ್ಕೆ, ಮದುವೆಗೆ, ಇಲ್ಲವೇ ಸಾವಿಗೆ. ಮಳಖೇಡವನ್ನು ಬಸ್ಸಿನ ಕಿಟಕಿಯಿಂದ ಎಷ್ಟೋ ಬಾರಿ ಕಂಡಿದ್ದೆ. ಕಾಗಿಣಾ ನದಿಯನ್ನು ದಾಟಿದ್ದೆ. ಶಹಾಬಾದಿನ ಕಲ್ಲನ್ನು ನಮ್ಮ ಮನೆಯ ಹಿತ್ತಲಿಗೇ ಹಾಸಿಸಿದ್ದೆ. ಚಿಂಚೋಳಿಯ ಕಾಡನ್ನು ಮಾತ್ರ ಕಂಡಿರಲಿಲ್ಲ. ನಿವೃತ್ತನಾದ ವರ್ಷ ಅವಳ ಅಣ್ಣನ ಮಗ ಒಂದು ದಿನ, “ಮಾವ, ಫೋಟೋ ಫೋಟೋ ಅಂತೀರಿ, ಎತ್ತಿಪೋತ ನೋಡಿಲ್ಲಂದ್ರ ಹ್ಯಾಂಗ್ರಿ?” ಎಂದು ಕೆಣಕಿದನು. ಅಲ್ಲಿಂದ ಶುರುವಾಯಿತು ಈ ಕಥೆ.

ಇದರ ನಡುವೆ ಇನ್ನೊಂದು ಸಂಗತಿಯನ್ನು ಹೇಳಬೇಕು. ಆ ಹೊತ್ತಿಗಾಗಲೇ ನನ್ನ ಬಲಗೈಗೆ ಒಂದು ಸಣ್ಣ ನಡುಕ ಬಂದಿತ್ತು. ಕಾಫಿಯ ಲೋಟ ತಟ್ಟೆಯ ಮೇಲೆ ಕಿಣಿಕಿಣಿ ಎನ್ನುತ್ತಿತ್ತು. ವೈದ್ಯರು ಪರೀಕ್ಷಿಸಿ, ಹೆದರಬೇಕಾದದ್ದಲ್ಲ, ಪೂರ್ತಿ ಹೋಗುವುದೂ ಅಲ್ಲ ಎಂದರು. ನಲವತ್ತು ವರ್ಷ ಕೈಯಲ್ಲೇ ಕ್ಯಾಮರಾ ಹಿಡಿದವನಿಗೆ ಈ ಮಾತಿನ ಎರಡನೆಯ ಭಾಗ ಮಾತ್ರ ಕೇಳಿಸಿತು. ಮೊಮ್ಮಗಳ ನಗುವೂ ದೇವಸ್ಥಾನದ ಕಂಬವೂ ಒಂದೇ ಸಮನೆ ಮಬ್ಬಾಗತೊಡಗಿದಾಗ, ಕ್ಯಾಮರಾವನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ಯೋಚಿಸಿದ್ದುಂಟು. ಮಗನು ಅದನ್ನು ತಿಳಿದು ಒಂದು ಟ್ರೈಪಾಡನ್ನು ತರಿಸಿಕೊಟ್ಟನು. ತೂಕ ಒಂದೇ ಕಿಲೋಗ್ರಾಮು. ಬೆನ್ನೆಲುಬಿನ ತೊಂದರೆಯೂ ಇದ್ದ ನನಗೆ ಆ ಹಗುರತನವೇ ಒಂದು ವರವಾಗಿ ತೋರಿತು.

ಜುಲೈ ತಿಂಗಳಲ್ಲಿ ನಾವಿಬ್ಬರೂ ಆ ಹುಡುಗನೊಡನೆ ಹೊರಟೆವು. ಚಿಂಚೋಳಿಯ ವನ್ಯಧಾಮವು ೨೦೧೧ರಲ್ಲಿ ಘೋಷಿತವಾದದ್ದು. ವಿಸ್ತೀರ್ಣ ಸುಮಾರು ೧೩೪ ಚದರ ಕಿಲೋಮೀಟರು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಧಾಮವೆಂದು ಇದಕ್ಕೆ ಹೆಸರು. ಮೇಲೆ ಜಂಬಿಟ್ಟಿಗೆ ಕಲ್ಲಿನ ಕೆಂಪು ದಿಣ್ಣೆಗಳು, ಕೆಳಗೆ ಕರಿಯ ಎರೆಭೂಮಿ. ಮುಲ್ಲಾಮಾರಿಯನ್ನು ಸೇರುವ ಸರನಾಲಾ ಎಂಬ ಹೊಳೆಗೆ ಚಂದ್ರಂಪಳ್ಳಿಯಲ್ಲಿ ಅಣೆಕಟ್ಟನ್ನು ಕಟ್ಟಿದ್ದಾರೆ. ಗುಡ್ಡಗಳ ನಡುವೆ ನೀರು ಕವಲು ಕವಲಾಗಿ ಚಾಚಿಕೊಂಡಿರುವುದನ್ನು ಮೊದಲ ಬಾರಿ ಕಂಡವರು, ಇದು ಮಲೆನಾಡಿನ ಯಾವುದೋ ಮೂಲೆಯಿರಬೇಕೆಂದು ಭ್ರಮಿಸುವುದು ಸಹಜ.

ನೀರಿನ ದಂಡೆಗೆ ಸಮೀಪದ ಒಂದು ದಿಬ್ಬದ ಮೇಲೆ ನಾನು ಟ್ರೈಪಾಡನ್ನು ಹೂಡಿದೆ. ಕಾಲುಗಳನ್ನೆಲ್ಲ ಪೂರ್ತಿಯಾಗಿ ಎಳೆದೆ. ನಡುಗಂಬವನ್ನೂ ಮೇಲಕ್ಕೆ ಏರಿಸಿದೆ. ಬಗ್ಗುವ ಕಷ್ಟ ತಪ್ಪಿತಲ್ಲಾ ಎಂದು ಹಿಗ್ಗಿದೆ. ಮುಂಗಾರಿನ ಗಾಳಿ ಬಯಲುಸೀಮೆಯಲ್ಲಿ ಹೇಗೆ ಬೀಸುತ್ತದೆಂಬುದು ಓದುಗರಿಗೆ ಗೊತ್ತಿದ್ದೀತು. ನನ್ನಾಕೆ ಸೆರಗನ್ನು ಬಿಗಿಹಿಡಿದುಕೊಂಡು, “ರೀ, ಅದು ತೂಗಾಡುತ್ತಿದೆ” ಎಂದಳು. ನಾನು ಬ್ಯಾಗಿನಿಂದ ಏನನ್ನೋ ತೆಗೆಯಲು ತಿರುಗಿದ್ದೆ. ಹಿಂದಿನಿಂದ ಶಬ್ದವೊಂದು ಕೇಳಿಸಿತು. ಅದನ್ನು ವರ್ಣಿಸಲು ನನಗೆ ಇಂದಿಗೂ ಮನಸ್ಸಿಲ್ಲ. ಲೆನ್ಸಿನ ಮುಂದಿನ ಗಾಜಿನಲ್ಲಿ ಜೇಡರ ಬಲೆಯಂಥ ಬಿರುಕು. ಅದೇ ಸಂಜೆ ಎತ್ತಿಪೋತ ಜಲಪಾತದ ಬಳಿ ಇನ್ನೊಂದು ಲೆನ್ಸಿನಿಂದ ತೆಗೆದ ಹತ್ತೊಂಬತ್ತು ಚಿತ್ರಗಳಲ್ಲಿ, ನೀರಂತೂ ಇರಲಿ, ಬಂಡೆಗಳೂ ಹರಿಯುತ್ತಿದ್ದವು.

ಆ ಟ್ರೈಪಾಡಿನ ತಯಾರಕರ ಹೆಸರು ಇಲ್ಲಿ ಬೇಡ. ತಪ್ಪು ಅವರದಕ್ಕಿಂತ ನನ್ನದೇ ಹೆಚ್ಚೆಂದು ಆಮೇಲೆ ತಿಳಿಯಿತು. ಆ ಒಂದು ವರ್ಷ ನಾನು ಈ ಮುಕ್ಕಾಲಿಯ ಶಾಸ್ತ್ರವನ್ನು, ಪರೀಕ್ಷೆಗೆ ಕುಳಿತ ಹುಡುಗನಂತೆ ಓದಿದೆ.

ಮೂರೇ ಕಾಲು ಏಕೆ? ಎಂಥ ಏರುತಗ್ಗಿನ ನೆಲವಾಗಲಿ, ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ. ಆದ್ದರಿಂದ ಮೂರು ಕಾಲಿನ ಪೀಠ ಅಲುಗಾಡುವುದಿಲ್ಲ. ನಾಲ್ಕು ಕಾಲಿನ ಮೇಜಿಗೆ ಕಾಗದದ ಮಡಿಕೆಯನ್ನು ಒತ್ತುಕೊಡುವ ಕಷ್ಟ ಹೋಟೆಲಿಗೆ ಹೋಗುವವರಿಗೆಲ್ಲ ಗೊತ್ತು. ಆದರೆ ಅಲುಗದಿರುವುದು ಬೇರೆ, ಬಾಗದಿರುವುದು ಬೇರೆ, ಉರುಳದಿರುವುದು ಮತ್ತೂ ಬೇರೆ. ಅಂಗಡಿಯವರು ಮೂರನ್ನೂ “ಗಟ್ಟಿ” ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ.

ಕೊಳವೆಯ ಗೋಡೆಯ ದಪ್ಪ ಅಷ್ಟೇ ಇದ್ದು ವ್ಯಾಸ ಮಾತ್ರ ಹೆಚ್ಚಿದರೆ, ಅದರ ಬಿಗುಪು ವ್ಯಾಸದ ಘನಕ್ಕೆ ಅನುಸಾರವಾಗಿ ಏರುತ್ತದೆ. ೨೨ ಮಿಲಿಮೀಟರಿನ ಕಾಲಿಗಿಂತ ೨೮ ಮಿಲಿಮೀಟರಿನ ಕಾಲು ನೋಟಕ್ಕೆ ಅಷ್ಟೇನೂ ದಪ್ಪವಲ್ಲ. ಬಿಗುಪಿನಲ್ಲಿ ಎರಡರಷ್ಟಕ್ಕೂ ತುಸು ಹೆಚ್ಚು. ನನ್ನ ಮೊದಲ ಟ್ರೈಪಾಡಿನ ಕಾಲಿನಲ್ಲಿ ಒಂದರೊಳಗೊಂದು ಸೇರುವ ಐದು ತುಂಡುಗಳಿದ್ದವು. ಕೊನೆಯ ತುಂಡು ಪೆನ್ಸಿಲಿಗಿಂತ ಸ್ವಲ್ಪ ದಪ್ಪ. ಇಡೀ ಭಾರ ನಿಂತದ್ದು ಆ ಪೆನ್ಸಿಲುಗಳ ಮೇಲೆ. ಮೂರು ತುಂಡಿನ ಕಾಲು ಎಲ್ಲಕ್ಕಿಂತ ಗಟ್ಟಿ, ಆದರೆ ಮಡಿಸಿದರೂ ಉದ್ದ. ಬಸ್ಸಿನಲ್ಲಿ ಪಕ್ಕದವರ ಮೊಣಕಾಲಿಗೆ ತಾಗುತ್ತದೆ. ನಾಲ್ಕು ತುಂಡಿನದು ರಾಜಿಯ ಮಾರ್ಗ. ಇನ್ನು ನಡುಗಂಬ. ಅದನ್ನು ಮೇಲೇರಿಸಿದ ಕ್ಷಣವೇ ಮೂರು ಕಾಲಿನ ಆಸರೆಯು ಒಂಟಿಕಾಲಿನ ಕೋಲಾಗುತ್ತದೆ. ನಾನು ದಿಬ್ಬದ ಮೇಲೆ ಮಾಡಿದ್ದು ಇದನ್ನೇ. ಹಾಗಾದರೆ ಕಂಬವನ್ನು ಏರಿಸದೆಯೇ ಎತ್ತರ ಸಾಕಾಗಬೇಕು. ನನ್ನ ಕಣ್ಣಿನ ಮಟ್ಟ ನೆಲದಿಂದ ೧೫೩ ಸೆಂಟಿಮೀಟರು. ಕ್ಯಾಮರಾ ಕೂರುವ ತಲೆಗೂ, ಕ್ಯಾಮರಾದ ಕಂಡಿಯವರೆಗಿನ ಎತ್ತರಕ್ಕೂ ಸೇರಿಸಿ ೨೦ ಕಳೆದರೆ, ೧೩೩ ಸೆಂಟಿಮೀಟರಿನ ಕಾಲುಗಳು ನನಗೆ ಸಾಕು. ಈ ಸಣ್ಣ ಕಳೆಯುವ ಲೆಕ್ಕವನ್ನು ಮಾಡದೆ ಅಂಗಡಿಗೆ ಹೋದವರು ಬೇಡದ ಉದ್ದವನ್ನು ಕೊಂಡು, ಅದರ ಭಾರವನ್ನು ಜೀವಮಾನವಿಡೀ ಹೊರುತ್ತಾರೆ.

ಲೋಹದ ವಿಚಾರಕ್ಕೆ ಬಂದರೆ, ಅಲ್ಯುಮಿನಿಯಂ ನೀರಿಗಿಂತ ೨.೭ ಪಟ್ಟು ಭಾರ. ಕಾರ್ಬನ್ ನಾರನ್ನು ಅಂಟಿನಲ್ಲಿ ಎರಕವಾಗಿಸಿದ ಕೊಳವೆ ಸುಮಾರು ೧.೬ ಪಟ್ಟು ಮಾತ್ರ. ತಟ್ಟಿದಾಗ ಏಳುವ ಕಂಪನವೂ ಕಾರ್ಬನ್ನಿನಲ್ಲಿ ಬೇಗ ಅಡಗುತ್ತದೆ. ಚೂಪಾದ ಪೆಟ್ಟು ಬಿದ್ದರೆ ಅಲ್ಯುಮಿನಿಯಂ ತಗ್ಗಾಗುತ್ತದೆ, ಕಾರ್ಬನ್ ಸೀಳಬಹುದು. ಬೆಲೆಯಲ್ಲಿ ಕಾರ್ಬನ್ ಎರಡರಷ್ಟು, ಕೆಲವೊಮ್ಮೆ ಮೂರರಷ್ಟು. ಬೆನ್ನು ಗಟ್ಟಿಯಿರುವ ತರುಣರು ಅಲ್ಯುಮಿನಿಯಮ್ಮನ್ನೇ ಕೊಂಡು, ಉಳಿದ ಹಣದಲ್ಲಿ ಎರಡು ಪ್ರವಾಸ ಮಾಡುವುದು ಲೇಸೆಂದು ನನ್ನ ಅಭಿಪ್ರಾಯ. ಆದರೆ ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಬಯಲಿನಲ್ಲಿ ನಿಂತ ಅಲ್ಯುಮಿನಿಯಂ ಕಾಲನ್ನು ಬರಿಗೈಯಲ್ಲಿ ಮುಟ್ಟುವ ಮುನ್ನ ಒಂದು ಕ್ಷಣ ಯೋಚಿಸಿರಿ.

ಇಷ್ಟೆಲ್ಲ ಓದಿಕೊಂಡು ಬೆಂಗಳೂರಿನ ಅಂಗಡಿಯೊಂದಕ್ಕೆ ಇಬ್ಬರೂ ಹೋದೆವು. ಪೆಟ್ಟಿಗೆಯ ಮೇಲೆ “ಇಷ್ಟು ಕಿಲೋ ತಾಳುತ್ತದೆ” ಎಂದು ಬರೆದಿರುವುದನ್ನು ನಂಬಿ ಕೂರುವಂತಿಲ್ಲ. ಅದನ್ನು ಅಳೆಯುವ ರೀತಿ ಒಬ್ಬೊಬ್ಬ ತಯಾರಕನದೂ ಒಂದೊಂದು. ನಾನು ಕ್ಯಾಮರಾವನ್ನು ಒಂದೊಂದರ ಮೇಲೂ ಕೂರಿಸಿ, ಉದ್ದದ ಲೆನ್ಸನ್ನು ಹಾಕಿ, ಎದುರುಗಡೆಯ ಕಟ್ಟಡದ ಹಲಗೆಯ ಮೇಲಿನ ಅಕ್ಷರವೊಂದನ್ನು ಪರದೆಯಲ್ಲಿ ಹಿಗ್ಗಿಸಿ, ಕಾಲನ್ನು ಬೆರಳಿನಿಂದ ತಟ್ಟಿ, ಅಕ್ಷರದ ನಡುಕ ನಿಲ್ಲುವ ತನಕ ಒಂದು, ಎರಡು, ಮೂರು ಎಂದು ಎಣಿಸಿದೆ. ಒಂದರಲ್ಲಿ ಆರರವರೆಗೆ ಹೋಯಿತು. ಇನ್ನೊಂದರಲ್ಲಿ ಎರಡಕ್ಕೇ ನಿಂತಿತು. ನನ್ನಾಕೆಯ ಪರೀಕ್ಷೆ ಬೇರೆ. ಎರಡಕ್ಕೆ ನಿಂತ ಆ ಟ್ರೈಪಾಡನ್ನು ಹೆಗಲಿಗೆ ಹಾಕಿಕೊಂಡು ಅಂಗಡಿಯ ಮಹಡಿಯ ಮೆಟ್ಟಿಲನ್ನು ಎರಡು ಬಾರಿ ಹತ್ತಿ ಇಳಿದು ಬಂದು, “ಇದಾಗಬಹುದು. ನಿಮಗೆ ಸುಸ್ತಾದಾಗ ಹೊರಬೇಕಾದವಳು ನಾನೇ ತಾನೆ?” ಎಂದಳು. ೨೮ ಮಿಲಿಮೀಟರಿನ ಕಾರ್ಬನ್ ಕಾಲು, ನಾಲ್ಕು ತುಂಡು, ತೂಕ ಒಂದೂವರೆ ಕಿಲೋ. ಗುಂಡಿನಂತೆ ಎತ್ತಲಾದರೂ ತಿರುಗುವ ತಲೆ ೪೦೦ ಗ್ರಾಮು. ಬೆಲೆಯನ್ನು ಕೇಳಿ ನಾನು ಸ್ವಲ್ಪ ಹೊತ್ತು ಕುಳಿತುಕೊಂಡೆನೆಂಬುದನ್ನು ಮುಚ್ಚಿಡುವುದಿಲ್ಲ.

ಈ ಎರಡು ಕಿಲೋ ಭಾರವನ್ನು ಕುರಿತು ಗೊಣಗುವಾಗಲೆಲ್ಲ ರಾಜಾ ದೀನ್ ದಯಾಳರ ನೆನಪಾಗಿ ನಾಚಿಕೆಯಾಗುತ್ತದೆ. ಚಿಂಚೋಳಿ, ಸೇಡಂ, ಚಿತ್ತಾಪುರಗಳೆಲ್ಲ ನಿಜಾಮರ ರಾಜ್ಯದಲ್ಲಿದ್ದ ಕಾಲ. ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿದ್ದ ದೀನ್ ದಯಾಳರು (೧೮೪೪–೧೯೦೫) ಗಾಜಿನ ಫಲಕಗಳು, ಪೆಟ್ಟಿಗೆಯಂಥ ಕ್ಯಾಮರಾ, ಮರದ ಕಾಲುಗಳು, ಇವನ್ನೆಲ್ಲ ಆಳುಗಳಿಂದ ಹೊರಿಸಿಕೊಂಡು ಕೋಟೆಗಳನ್ನೂ ಗುಡಿಗಳನ್ನೂ ಚಿತ್ರಿಸಿದರು. ಅವರಿಗೆ ಹಗುರವಾದ ಮುಕ್ಕಾಲಿಯ ಚಿಂತೆ ಇದ್ದಿರಲಾರದು. ನಮಗೆ ಆಳುಗಳಿಲ್ಲ, ಹೆಂಡತಿಯ ಹೆಗಲಿದೆ.

ಮರುವರ್ಷ ಆಗಸ್ಟಿನ ಕೊನೆಯಲ್ಲಿ ಮತ್ತೆ ಚಂದಾಪುರ. ಹೊಲಗಳಲ್ಲಿ ಹೆಸರು ಬಿಡಿಸುವ ಕಾಲ. ತೊಗರಿ ಸೊಂಟದ ಮಟ್ಟಕ್ಕೆ ಬೆಳೆದಿತ್ತು. ಹಿಂದಿನ ರಾತ್ರಿಯ ಮಳೆಗೆ ಎರೆಮಣ್ಣು ಅಂಟಂಟಾಗಿ, ಒಂದೊಂದು ಹೆಜ್ಜೆಗೂ ಚಪ್ಪಲಿಗೆ ಅರ್ಧ ಸೇರು ಮಣ್ಣು. ದೂರದ ಕೆಂಪು ದಿಣ್ಣೆಯ ಮೇಲೆ ಮೋಡದ ನೆರಳು ಸರಿಯುವುದನ್ನು ಕಂಡು, ದಾರಿಯ ಪಕ್ಕದ ಬದುವಿನ ಮೇಲೆ ಮುಕ್ಕಾಲಿಯನ್ನು ಬಿಚ್ಚಿದೆ. ಕೆಸರಿರುವಲ್ಲಿ ಮೊದಲು ಎಲ್ಲಕ್ಕಿಂತ ಕೆಳಗಿನ ಸಣ್ಣ ತುಂಡನ್ನು ಎಳೆಯಬೇಕು. ಆಗ ತಿರುಚಿ ಬಿಗಿಯುವ ಕೊರಳು ಮಣ್ಣಿಗಿಂತ ಮೇಲೆ ಉಳಿಯುತ್ತದೆ, ಮರಳು ಒಳಗೆ ಸೇರುವುದಿಲ್ಲ. ಇದನ್ನು ಓದಿ ಕಲಿತಿದ್ದೆ. ಓದಿನಲ್ಲಿ ಇಲ್ಲದ್ದು ಮುಂದೆ ಕಾದಿತ್ತು.

ಬೇವಿನ ಮರದ ಕೆಳಗಿನಿಂದ ಒಬ್ಬ ಮುದುಕರು ಎದ್ದು ನಿಧಾನವಾಗಿ ಬಂದರು. ಎಂಬತ್ತರ ಸಮೀಪದ ವಯಸ್ಸು, ತಲೆಗೆ ಬಿಳಿಯ ರುಮಾಲು. ಸ್ವಲ್ಪ ದೂರದಲ್ಲೇ ನಿಂತು ಮೂರು ಕಾಲುಗಳನ್ನೂ ನನ್ನನ್ನೂ ಬಹಳ ಹೊತ್ತು ನೋಡಿ ಕೇಳಿದರು:

“ಈ ಸಲ ಯಾರ ಹೊಲ ಹೋಗ್ತದ್ರೀ ಸಾಹೇಬ್ರೆ?”

ನನಗೆ ಅರ್ಥವಾಗಲಿಲ್ಲ. ನನ್ನಾಕೆಗೆ ಆಯಿತು. “ಸರ್ವೇ ಅಲ್ಲ ಮುತ್ಯಾ, ಇವ್ರು ಫೋಟೋ ತೆಗೀಲಾಕ ಬಂದಾರ” ಎಂದಳು. ಮೂವತ್ತೈದು ವರ್ಷ ಮೈಸೂರಿನ ಮಾತನ್ನೇ ಆಡಿದವಳ ಬಾಯಲ್ಲಿ ಸೇಡಂ ಒಂದೇ ಉಸಿರಿಗೆ ಹಿಂತಿರುಗಿತ್ತು.

“ಯಾವೂರಾಕಿ ಯವ್ವಾ ನೀ?”

“ಸೇಡಂದಾಕಿ.”

ಮುದುಕರ ಮುಖದ ಬಿಗಿ ಸಡಿಲಿತು. “ಹಂಗಾದ್ರ ಛಲೋ ಆಯ್ತು. ಮೂರು ಕಾಲಿಂದು ತಂದು ಹೊಲದಾಗ ನಿಲ್ಸಿದ್ರಂದ್ರ ಎದಿ ಧಸಕ್ಕಂತದ” ಎಂದರು. ಅವರು ಹುಡುಗರಾಗಿದ್ದಾಗ ಎಲ್ಲಿಯದೋ ಕೆರೆಯ ಕೆಲಸಕ್ಕೆಂದು ಇಂಥದೇ ಮುಕ್ಕಾಲಿಯನ್ನು ಹೊತ್ತುಕೊಂಡು ಅಳೆಯಲು ಬಂದಿದ್ದರಂತೆ. ತಂದೆಯ ಕೈಯಲ್ಲಿದ್ದ ಹೊಲದಲ್ಲಿ ಅರ್ಧ ಉಳಿಯಿತಂತೆ. ಅವರು ಅದನ್ನು ದೂರಿನಂತೆ ಹೇಳಲಿಲ್ಲ. ಮಳೆ ಬಂದುದನ್ನು ಹೇಳುವಂತೆ ಹೇಳಿದರು.

ಈ ನೆಲಕ್ಕೆ ಅಳೆಯುವವರು ಬಂದದ್ದು ಮುದುಕರ ಬಾಲ್ಯಕ್ಕೂ ಬಹು ಹಿಂದೆ. ೧೮೦೨ರಲ್ಲಿ ಮದರಾಸಿನ ಬಳಿ ಮಹಾ ತ್ರಿಕೋನಮಾಪನವನ್ನು ಆರಂಭಿಸಿದ ವಿಲಿಯಂ ಲ್ಯಾಂಬ್ಟನ್, ಅರ್ಧ ಟನ್ನು ತೂಗುವ ಥಿಯೋಡೊಲೈಟನ್ನು ಗುಡ್ಡದಿಂದ ಗುಡ್ಡಕ್ಕೆ ಹೊರಿಸುತ್ತ ಉತ್ತರಕ್ಕೆ ಸಾಗಿ, ೧೮೧೫ರಲ್ಲಿ ಬೀದರದ ಬಳಿ ಒಂದು ಆಧಾರರೇಖೆಯನ್ನು ಅಳೆದನು. ಅಂದಿನಿಂದಲೂ ಊರ ಹೊರಗೆ ಉಪಕರಣವನ್ನು ನಿಲ್ಲಿಸಿ ಒಂದು ಕಣ್ಣು ಮುಚ್ಚಿ ನೋಡುವವರನ್ನು ಹಳ್ಳಿಯವರು ಕಂಡು ಬಂದಿದ್ದಾರೆ. ನೋಡಿದ ಮೇಲೆ ಏನಾಗುತ್ತದೆಂಬುದನ್ನೂ ಕಂಡಿದ್ದಾರೆ. ನನಗೆ ಕೈನಡುಕದ ಮದ್ದಾಗಿದ್ದ ವಸ್ತು, ಅವರ ಎದೆಯ ನಡುಕಕ್ಕೆ ಕಾರಣವಾಗಬಹುದೆಂದು ಅದುವರೆಗೆ ನನಗೆ ಹೊಳೆದೇ ಇರಲಿಲ್ಲ. ಅಂದಿನಿಂದ, ಯಾವುದೇ ಹೊಲದ ಅಂಚಿನಲ್ಲಿ ಕಾಲು ಬಿಚ್ಚುವ ಮೊದಲು, ಅಲ್ಲಿರುವವರ ಬಳಿಗೆ ಹೋಗಿ ಕ್ಯಾಮರಾ ತೋರಿಸಿ ಮಾತನಾಡಿಸುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ನಾನು ಪರದೆಯ ಮೇಲೆ ಅವರ ಬೇವಿನ ಮರವನ್ನೇ ಹಿಗ್ಗಿಸಿ ತೋರಿಸಿದೆ. ಬಗ್ಗಿ ನೋಡಿದರು. ಆದರೆ ಅವರ ಗಮನ ಹೋದದ್ದು ಮರದ ಕಡೆಗಲ್ಲ, ಕಾಲುಗಳ ಕಡೆಗೆ. “ಹಿಂಗಿಟ್ರ ಬೀಳ್ತದ” ಎಂದರು.

ಒಂದೂವರೆ ಕಿಲೋ ಕಾರ್ಬನ್ನಿನ ಮೇಲೆ ನಾನು ಸುರಿದಿದ್ದ ಹಣ ಕಣ್ಣ ಮುಂದೆ ಬಂತು. ಮುದುಕರು ನನ್ನ ಒಪ್ಪಿಗೆಗೆ ಕಾಯದೆ, ಹಿಡಿ ಮಣ್ಣನ್ನು ಪುಡಿಮಾಡಲು ನೋಡಿ, ಅದು ಹಸಿಯಾಗಿದ್ದುದರಿಂದ ಒಣಗಿದ ಹುಲ್ಲೆಸಳೊಂದನ್ನು ಕಿತ್ತು ಗಾಳಿಗೆ ಬಿಟ್ಟರು. ಅದು ಹಾರಿಹೋದ ದಿಕ್ಕನ್ನು ತೋರಿಸಿ, “ಗಾಳಿ ಯಾ ಕಡಿ ಹೊಂಟದ, ಆ ಕಡಿಗಿ ಒಂದು ಕಾಲು ಇಡ್ರಿ. ಹಿಂದ ಎರಡು ಇರ್ಲಿ” ಎಂದರು. ರಾಶಿ ಮಾಡುವಾಗ ಕಾಳು ತೂರಲು ಎತ್ತರಕ್ಕೆ ನಿಲ್ಲಬೇಕಲ್ಲವೆ? ಅದಕ್ಕೆಂದು ಜಾಲಿಯ ಮರದ ಮೂರು ಕಾಲಿನ ಎತ್ತರದ ಮಣೆಯೊಂದು ಅವರ ಮನೆಯಲ್ಲಿತ್ತಂತೆ. ಗಾಳಿಯೇ ಬೇಕು ತೂರುವುದಕ್ಕೆ, ಆ ಗಾಳಿಯಲ್ಲೇ ಬೀಳದೆ ನಿಲ್ಲಲೂ ಬೇಕು. ಐವತ್ತು ಸುಗ್ಗಿ ಅದರ ಮೇಲೆ ನಿಂತವರು ಅವರು.

ನಾನು ಮನೆಗೆ ಬಂದು ಕಾಗದದ ಮೇಲೆ ತ್ರಿಕೋನ ಬರೆದು ನೋಡಿದೆ. ಮುಕ್ಕಾಲಿ ಉರುಳುವುದು ಎರಡು ಪಾದಗಳನ್ನು ಕೂಡಿಸುವ ಗೆರೆಯ ಮೇಲೆ. ಗಾಳಿಯು ಅಂಥ ಗೆರೆಯೊಂದಕ್ಕೆ ನೇರವಾಗಿ ತಳ್ಳಿದರೆ ಬೀಳಿಸುವುದು ಅತಿ ಸುಲಭ. ಗಾಳಿ ಹೋಗುವ ಕಡೆಗೇ ಪಾದವೊಂದು ಚಾಚಿದ್ದರೆ, ಬೀಳಿಸಲು ಎರಡರಷ್ಟು ಬಲ ಬೇಕು. ಹಿಂದಿನ ವರ್ಷ ದಿಬ್ಬದ ಮೇಲೆ ನಾನಿಟ್ಟದ್ದು ಸರಿಯಾಗಿ ತಿರುಗುಮುರುಗಾಗಿ. ಇಳಿಜಾರಿನಲ್ಲಿಯೂ ಇದೇ ಲೆಕ್ಕ: ಒಂದು ಕಾಲು ಇಳಿಯುವ ಕಡೆಗೆ.

ಗಾಳಿಗೆ ಇನ್ನೂ ಒಂದು ಉಪಾಯವುಂಟು. ನಡುಗಂಬದ ಕೆಳಗಿನ ಕೊಕ್ಕೆಗೆ ಬ್ಯಾಗನ್ನು ತೂಗುಹಾಕಿ ಭಾರ ಹೆಚ್ಚಿಸುವುದು. ಬ್ಯಾಗು ತೊಟ್ಟಿಲಿನಂತೆ ತೂಗಿದರೆ ಮಾತ್ರ ಲಾಭಕ್ಕಿಂತ ನಷ್ಟವೇ ಹೆಚ್ಚು. ಅದರ ತಳ ನೆಲಕ್ಕೆ ತಾಗುವಂತಿರಬೇಕು. ನನ್ನಾಕೆ ಹೊತ್ತು ತಂದಿದ್ದ ರೊಟ್ಟಿಯ ಗಂಟೂ ನೀರಿನ ಸೀಸೆಯೂ ಈ ಕೆಲಸಕ್ಕೆ ಒದಗಿದವು. ಹಗುರವಾದ ಮುಕ್ಕಾಲಿಯ ಸೊಗಸೇ ಇದು: ನಡೆಯುವಾಗ ಹಗುರ, ನಿಂತಾಗ ಬೇಕಾದಷ್ಟು ಭಾರ.

ಮುದುಕರ ಹೆಂಡತಿ ಹೆಸರಿನ ಬುಟ್ಟಿಯೊಂದಿಗೆ ಬಂದರು. ಇಬ್ಬರನ್ನೂ ಬೇವಿನ ಕೆಳಗೆ ನಿಲ್ಲಿಸಿದೆ. ಮೋಡ ಕವಿದು ಬೆಳಕು ಕಡಿಮೆಯಾಗಿತ್ತು. ಕೈಯಲ್ಲಿ ಹಿಡಿದಿದ್ದರೆ ಈ ಚಿತ್ರ ಬರುತ್ತಿರಲಿಲ್ಲ. ಗುಂಡಿಯನ್ನು ಒತ್ತುವಾಗಿನ ನಡುಕವೂ ತಾಗದಿರಲೆಂದು ಎರಡು ಸೆಕೆಂಡು ತಡೆದು ತೆರೆಯುವಂತೆ ಮಾಡಿದೆ. ಆ ಎರಡು ಸೆಕೆಂಡು ನಾನು ಕ್ಯಾಮರಾದ ಹಿಂದಿನಿಂದ ಈಚೆಗೆ ಬಂದು ನಿಂತಿದ್ದೆ. ಅಜ್ಜಿ ಯಂತ್ರವನ್ನು ನೋಡಲಿಲ್ಲ. ನನ್ನಾಕೆಯನ್ನು ನೋಡಿ ಏನೋ ಕೇಳಿದರು, ಅವಳೇನೋ ಹೇಳಿದಳು, ಇಬ್ಬರೂ ನಕ್ಕರು. ನಲವತ್ತು ವರ್ಷ ಮುಖಕ್ಕೆ ಕ್ಯಾಮರಾ ಅಡ್ಡ ಹಿಡಿದುಕೊಂಡೇ ಜನರ ಚಿತ್ರ ತೆಗೆದ ನಾನು ಅಂಥ ನಗುವನ್ನು ಎಷ್ಟು ಕಳೆದುಕೊಂಡೆನೋ.

ಅಲ್ಲಿಂದ ಎತ್ತಿಪೋತಕ್ಕೆ. ತೆಲುಗಿನಲ್ಲಿ ಆ ಮಾತಿಗೆ ಎತ್ತಿ ಸುರಿಯುವುದು ಎಂಬರ್ಥ. ಗಡಿಯ ಆಚೆಗೆ ತೆಲಂಗಾಣ, ಹೆಸರುಗಳು ಗಡಿಯನ್ನು ಕೇಳಿಕೊಂಡು ಬರುವುದಿಲ್ಲ. ಜೋಗದ ವೈಭವವನ್ನು ಇಲ್ಲಿ ನಿರೀಕ್ಷಿಸಬಾರದು. ಮಳೆಗಾಲದಲ್ಲಿ ಮಾತ್ರ ಮೈತುಂಬುವ ಪುಟ್ಟ ಜಲಪಾತ. ಸುತ್ತಲೂ ಪಾಚಿಗಟ್ಟಿದ ಕಲ್ಲು. ಕಾಲಿಟ್ಟಲ್ಲಿ ಜಾರುವುದರಿಂದ ಭಾರ ಹೊತ್ತವರು ಇಳಿಯಬಾರದ ಜಾಗ. ನಾನು ಮುಕ್ಕಾಲಿಯನ್ನೇ ಊರುಗೋಲಾಗಿ ಹಿಡಿದು ಇಳಿದೆ. ಒಂದು ಕಾಲನ್ನು ನೀರಿನೊಳಗೆ, ಎರಡನ್ನು ಬಂಡೆಯ ಮೇಲೆ ಇಟ್ಟು, ಅರ್ಧ ಸೆಕೆಂಡು ತೆರೆದೆ. ನೀರು ಹಾಲಿನ ನೂಲಿನಂತೆ ಬಂತು. ಬಂಡೆಯ ಮೇಲಿನ ಒಂದೊಂದು ಪಾಚಿಯ ಎಳೆಯೂ ಇದ್ದಲ್ಲೇ ಇತ್ತು. ನನ್ನಾಕೆ ಪರದೆಯನ್ನು ನೋಡಿ ಏನೂ ಹೇಳಲಿಲ್ಲ. ನನ್ನ ಬಲಗೈಯನ್ನು ಹಿಡಿದುಕೊಂಡು ದಂಡೆಗೆ ಹತ್ತಿಸಿದಳು.

ಕಾಡಿಗೆ ಹೋಗುವವರು ಅರಣ್ಯ ಇಲಾಖೆಯ ಅನುಮತಿ ಪಡೆದು ಹೋಗಬೇಕು. ಸಂಜೆಯಾಗುವ ಮುನ್ನ ಹಿಂತಿರುಗಬೇಕು. ರೈಲಿನಲ್ಲಿ ಬರುವವರಿಗೆ ಸೇಡಂ ನಿಲ್ದಾಣವೂ ಅನುಕೂಲ. ಹಿಂತಿರುಗಿದ ರಾತ್ರಿ ಮುಕ್ಕಾಲಿಯ ಕಾಲುಗಳನ್ನು ಬಿಚ್ಚಿ, ಒದ್ದೆ ಬಟ್ಟೆಯಿಂದ ಎರೆಮಣ್ಣನ್ನು ಒರೆಸಿ, ನೆರಳಿನಲ್ಲಿ ಒಣಗಿಸಿ ಮಡಿಸಿರಿ. ಎರೆಮಣ್ಣು ಒಣಗಿದರೆ ಸಿಮೆಂಟಿಗೆ ತಮ್ಮ.

ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿ ಅಂಚೆಯಲ್ಲಿ ಮುದುಕರಿಗೆ ಕಳುಹಿಸಿದೆವು. ಹದಿನೈದು ದಿನಗಳ ಮೇಲೆ ಅವರ ಮೊಮ್ಮಗ ಫೋನು ಮಾಡಿ, ಮುತ್ಯಾ ಮಾತನಾಡುತ್ತಾರಂತೆ ಎಂದನು. ಫೋಟೋ ಚೆನ್ನಾಗಿದೆಯೇ ಎಂದು ನನ್ನಾಕೆ ಕೇಳಿದಳು.

“ಛಲೋ ಬಂದದ ಯವ್ವಾ. ಬೇವಿನ ಗಿಡ ಬಂದದ, ನಮ್ಮಾಕಿ ಬಂದಾಳ. ಹೊಲದ ಬಾಂದಿನ ಕಲ್ಲು ಬಂದಿಲ್ಲ. ಮುಂದಿನ ಸಲ ಸಾಹೇಬ್ರಿಗಿ ಅದನ್ನೂ ಕಾಣೂ ಹಂಗ ಹಿಡೀಲಾಕ ಹೇಳು.”